ರಾತ್ರಿ ಬ್ಲೋವರ್ ಆಫ್ ಮಾಡಿದ್ರೆ ಎಷ್ಟು ಉಳಿಯುತ್ತೆ? ಎಸ್‌ಟಿಪಿಯ ಆಮ್ಲಜನಕದ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೂ, ಆಫೀಸಲ್ಲಿ ಕದ್ದು ಇಲ್ಲಿ ಓದ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಸ್ವಲ್ಪ ವಾಸನೆಯದು. ಊಟ ಮಾಡ್ತಾ ಇದ್ರೆ ಈಗಲೇ ಪಾಸ್ ಒತ್ತಿ, ಕೈ ತೊಳ್ಕೊಂಡು ಬನ್ನಿ.

ಕೇಳುಗರೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರಶ್ನೆ ಇದು: "ನಮ್ಮದು ಬೆಂಗಳೂರಲ್ಲಿ 200 ಮನೆಗಳ ಅಪಾರ್ಟ್‌ಮೆಂಟ್. ಕರೆಂಟ್ ಬಿಲ್ ಜಾಸ್ತಿ ಬರ್ತಿದೆ ಅಂತ ಎಸ್‌ಟಿಪಿಯ ಬ್ಲೋವರನ್ನ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಆಫ್ ಮಾಡೋಣ ಅಂತ ಅಸೋಸಿಯೇಷನ್‌ನಲ್ಲಿ ಪ್ರಸ್ತಾಪ ಬಂದಿದೆ. ಸದ್ದೂ ಇರಲ್ಲ, ದುಡ್ಡೂ ಉಳಿಯುತ್ತೆ ಅಂತಾರೆ. ಇದು ಸರೀನಾ?"

ಒಳ್ಳೆ ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದು ಮಾತಲ್ಲಿ ಹೇಳಿಬಿಡಬಹುದು. ಆದರೆ ಮೀಟಿಂಗಲ್ಲಿ ಎದ್ದು ನಿಂತು ಮಾತಾಡಬೇಕಾದವರು ನೀವು. ನಿಮ್ಮ ಕೈಲಿ ಅಂಕಿ ಇರಬೇಕು. ಹಾಗಾಗಿ ಇವತ್ತು ಲೆಕ್ಕ ಪೂರ್ತಿ ಬಿಡಿಸೋಣ.

ನಾನು ಬಿಕಾಂ ಅಂತ ನಿಮಗೆ ಗೊತ್ತು. ರಸಾಯನಶಾಸ್ತ್ರಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಮುಗಿದಿತ್ತು. ಆದರೆ ಈ ವಿಷಯ ಓದ್ತಾ ಓದ್ತಾ ಒಂದು ಖುಷಿ ಆಯ್ತು. ಕೊಳಚೆ ನೀರಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋದು ಕೊನೆಗೆ ಜಮಾ-ಖರ್ಚಿನ ಲೆಕ್ಕವೇ. ಕೂಡೋದು, ಕಳೆಯೋದು, ಗುಣಿಸೋದು, ಭಾಗಿಸೋದು ಬಂದರೆ ಸಾಕು. ಮೊಬೈಲ್‌ನಲ್ಲಿರೋ ಕ್ಯಾಲ್ಕುಲೇಟರ್ ತೆಗೆದಿಟ್ಕೊಳ್ಳಿ.

ಗಾಳಿ ಯಾಕೆ ಬೇಕು?

ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕ. ನಮ್ಮ ಬಚ್ಚಲು, ಅಡುಗೆಮನೆ, ಟಾಯ್ಲೆಟ್‌ನಿಂದ ಹೋದ ನೀರು ಅಲ್ಲಿಗೆ ಹೋಗುತ್ತೆ. ಶುದ್ಧ ಆದ ಮೇಲೆ ಅದೇ ನೀರು ಫ್ಲಶ್‌ಗೆ, ಗಿಡಗಳಿಗೆ ವಾಪಸ್ ಬರುತ್ತೆ. ಅಂದರೆ ನಿಮ್ಮ ಕಮೋಡ್‌ಗೆ ಬರೋ ನೀರು ಹೇಗಿರುತ್ತೆ ಅನ್ನೋದು ನೆಲಮಾಳಿಗೆಯ ಆ ತೊಟ್ಟಿಯಲ್ಲಿ ತೀರ್ಮಾನ ಆಗುತ್ತೆ.

ತೊಟ್ಟಿಯಲ್ಲಿ ಕೆಲಸ ಮಾಡೋದು ಯಂತ್ರ ಅಲ್ಲ, ಸೂಕ್ಷ್ಮಜೀವಿಗಳು. ಕೊಳಚೆಯಲ್ಲಿರೋ ಸಾವಯವ ಪದಾರ್ಥವನ್ನ ಅವು ತಿಂದು ಹಾಕ್ತವೆ. ತಿನ್ನೋಕೆ ಅವಕ್ಕೆ ಉಸಿರು ಬೇಕು. ಬ್ಲೋವರ್ ಅನ್ನೋ ಯಂತ್ರ ಗಾಳಿಯನ್ನ ಪೈಪಿನ ಮೂಲಕ ತೊಟ್ಟಿಯ ತಳಕ್ಕೆ ತಳ್ಳುತ್ತೆ. ಅಲ್ಲಿ ಡಿಫ್ಯೂಸರ್ ಅಂತ ಸಣ್ಣ ಸಣ್ಣ ತೂತಿನ ರಬ್ಬರ್ ಕೊಳವೆ ಅಥವಾ ತಟ್ಟೆ ಇರುತ್ತೆ. ಅದರಿಂದ ಗುಳ್ಳೆ ಗುಳ್ಳೆಯಾಗಿ ಗಾಳಿ ಮೇಲೇಳುತ್ತೆ. ಗುಳ್ಳೆ ಮೇಲೆ ಬರೋ ದಾರಿಯಲ್ಲಿ ಸ್ವಲ್ಪ ಆಮ್ಲಜನಕ ನೀರಲ್ಲಿ ಕರಗುತ್ತೆ.

ಇದು ಹೊಸ ತಂತ್ರ ಏನಲ್ಲ. 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಅನ್ನೋ ಇಬ್ಬರು ಈ ಪದ್ಧತಿಯನ್ನ ಪ್ರಕಟಿಸಿದರು. ಗಾಳಿ ಊದಿದ ಮೇಲೆ ತಳದಲ್ಲಿ ಉಳಿಯೋ ಕೆಸರನ್ನ ಚೆಲ್ಲದೆ ಮುಂದಿನ ಸುತ್ತಿನ ಕೊಳಚೆಗೇ ಬೆರೆಸಿದರೆ, ಶುದ್ಧ ಆಗೋ ಸಮಯ ತುಂಬಾ ಕಡಿಮೆ ಆಗುತ್ತೆ ಅಂತ ಅವರು ಕಂಡುಕೊಂಡರು. ಮನೇಲಿ ದೋಸೆ ಹಿಟ್ಟಿಗೆ ಹಳೇ ಹಿಟ್ಟು ಒಂದು ಸೌಟು ಸೇರಿಸೋ ಹಾಗೆ. ನಿಮ್ಮ ಅಪಾರ್ಟ್‌ಮೆಂಟ್‌ನ ತೊಟ್ಟಿಯಲ್ಲಿ ನಡೀತಿರೋದು ಬಹುಪಾಲು ಅದರದ್ದೇ ಮುಂದುವರಿದ ರೂಪ.

ಉಸಿರು ಸಿಗದಿದ್ರೆ ಏನಾಗುತ್ತೆ? 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಕೊಳಚೆ ಸೇರಿದ ನೀರಲ್ಲಿ ಸೂಕ್ಷ್ಮಜೀವಿಗಳು ಮೊದಲು ಆಮ್ಲಜನಕ ಎಳ್ಕೊಂಡುಬಿಡ್ತವೆ, ಮೀನಿಗೆ ಉಳಿಯಲ್ಲ. ಕೆರೆಯಲ್ಲಿ ಆಗಬಾರದ ಆ ಕೆಲಸವನ್ನ ತೊಟ್ಟಿಯಲ್ಲೇ ಮುಗಿಸಿ ಕಳಿಸೋದಕ್ಕೇ ಎಸ್‌ಟಿಪಿ ಇರೋದು.

ಹೆಜ್ಜೆ 1: ಲೀಟರ್ ಅಲ್ಲ, ಗ್ರಾಂ

ಲೆಕ್ಕ ಶುರು. 200 ಮನೆ, ಮನೆಗೆ 4 ಜನ ಅಂದರೆ 800 ಜನ.

ಕೊಳಚೆಯ ಕೊಳಕನ್ನ ಅಳೆಯೋಕೆ ಬಿಒಡಿ ಅಂತ ಒಂದು ಅಳತೆ ಇದೆ. ಒಂದು ಲೀಟರ್ ನೀರಿನ ಕೊಳಕನ್ನ ತಿನ್ನೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಅನ್ನೋದೇ ಬಿಒಡಿ. ಹಳೇ ಪದ್ಧತಿಯಲ್ಲಿ 20 ಡಿಗ್ರಿ ಉಷ್ಣಾಂಶದಲ್ಲಿ 5 ದಿನ ಇಟ್ಟು ಅಳೀತಾರೆ. ನಮ್ಮ ದೇಶದ ಬಿಸಿಗೆ ಹೊಂದೋ ಹಾಗೆ 27 ಡಿಗ್ರಿಯಲ್ಲಿ 3 ದಿನ ಇಟ್ಟು ಅಳೆಯೋದೂ ಇದೆ. ನಿಮ್ಮ ಲ್ಯಾಬ್ ರಿಪೋರ್ಟ್‌ನಲ್ಲಿ ಯಾವುದು ಅಂತ ಬರೆದಿರುತ್ತೆ, ನೋಡಿ.

ಕೇಂದ್ರ ಸರ್ಕಾರದ ಸಿಪಿಎಚ್‌ಇಇಒ ಸಂಸ್ಥೆಯ 2013ರ ಒಳಚರಂಡಿ ಕೈಪಿಡಿ ಪ್ರಕಾರ ಒಬ್ಬ ಮನುಷ್ಯನಿಂದ ದಿನಕ್ಕೆ ಬರೋ ಬಿಒಡಿ 27 ಗ್ರಾಂ. ದಿನಕ್ಕೆ ಒಬ್ಬರಿಗೆ 135 ಲೀಟರ್ ನೀರು, ಅದರಲ್ಲಿ ಶೇ 80 ಕೊಳಚೆಯಾಗಿ ಹೋಗುತ್ತೆ ಅಂದರೆ 108 ಲೀಟರ್. 27 ಗ್ರಾಂ ಕೊಳಕು 108 ಲೀಟರಲ್ಲಿ ಬೆರೆತರೆ ಲೀಟರಿಗೆ 250 ಮಿಲಿಗ್ರಾಂ.

ನಮ್ಮ 800 ಜನಕ್ಕೆ:
ಕೊಳಚೆ ನೀರು: 800 × 108 = 86,400 ಲೀಟರ್
ಬಿಒಡಿ: 800 × 27 = 21,600 ಗ್ರಾಂ, ಅಂದರೆ 21.6 ಕೆಜಿ

ಇಲ್ಲಿ ಒಂದು ನಿಮಿಷ ನಿಲ್ಲಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ನಲ್ಲಿಗಳಿಗೆ ಏರೇಟರ್ ಹಾಕಿ ಅಂತ ಜಲಮಂಡಳಿ ಹೇಳಿತ್ತು. ಹಾಕಿದರೆ ನೀರು ಉಳಿಯುತ್ತೆ, ನಿಜ. ಆದರೆ ನೀರು ಕಡಿಮೆ ಬಳಸಿದ ಮಾತ್ರಕ್ಕೆ ನಾವು ತಿನ್ನೋದು, ಟಾಯ್ಲೆಟ್‌ಗೆ ಹೋಗೋದು ಕಡಿಮೆ ಆಗಲ್ಲ ಅಲ್ವಾ? ಲೀಟರ್ ಇಳಿಯುತ್ತೆ, ಗ್ರಾಂ ಅಷ್ಟೇ ಇರುತ್ತೆ. 27 ಗ್ರಾಂ ಈಗ 108ರ ಬದಲು 80 ಲೀಟರಲ್ಲಿ ಬರುತ್ತೆ. ಕೊಳಚೆ ಗಟ್ಟಿ ಆಗುತ್ತೆ, ಆಮ್ಲಜನಕದ ಬೇಡಿಕೆ ಹಾಗೇ ಇರುತ್ತೆ. ಆದ್ದರಿಂದ "ನಿಮ್ಮ ಪ್ಲಾಂಟ್ ಇಷ್ಟು ಕೆಎಲ್‌ಡಿ, ಹಾಗಾಗಿ ಇಷ್ಟು ಎಚ್‌ಪಿ ಬ್ಲೋವರ್" ಅಂತ ಬರೀ ಲೀಟರ್ ನೋಡಿ ಯಾರಾದರೂ ಕೊಟೇಶನ್ ಕೊಟ್ಟರೆ, ಗ್ರಾಂ ಲೆಕ್ಕ ಎಲ್ಲಿ ಅಂತ ಕೇಳಿ.

ಇನ್ನೊಂದು ಮಾತು. ಒಡೆದ ಹಾಲನ್ನ ಸಿಂಕ್‌ಗೆ ಸುರೀತೀವಲ್ಲ, ಒಂದು ಲೀಟರ್ ಹಾಲಿನ ಬಿಒಡಿ ಸುಮಾರು 100 ಗ್ರಾಂ. ಅಂದರೆ ನಾಲ್ಕು ಜನರ ಒಂದು ಮನೆಯ ಇಡೀ ದಿನದ ಕೊಳಚೆಗೆ ಹತ್ತಿರ ಹತ್ತಿರ ಸಮ. ಉಳಿದ ಸಾರು, ಕರಿದ ಎಣ್ಣೆ ಎಲ್ಲಾ ಇದೇ ಖಾತೆಗೆ ಸೇರುತ್ತೆ.

ಹೆಜ್ಜೆ 2: ಕೊಳಕು ತಿನ್ನೋಕೆ ಎಷ್ಟು ಆಮ್ಲಜನಕ?

ಹೊರಗೆ ಹೋಗೋ ನೀರಲ್ಲಿ ಬಿಒಡಿ ಲೀಟರಿಗೆ 10 ಮಿಲಿಗ್ರಾಂಗೆ ಇಳೀಬೇಕು ಅಂತ ಗುರಿ ಇಟ್ಕೊಳ್ಳೋಣ. 250ರಲ್ಲಿ 240 ತೆಗೀಬೇಕು. 86,400 ಲೀಟರ್‌ಗೆ ಲೆಕ್ಕ ಹಾಕಿದರೆ ತೆಗೆಯಬೇಕಾದದ್ದು ಸುಮಾರು 20.7 ಕೆಜಿ.

ಹಾಗಾದರೆ 20.7 ಕೆಜಿ ಆಮ್ಲಜನಕ ಸಾಕಾ? ಇಲ್ಲ. 5 ದಿನದ ಪರೀಕ್ಷೆ ಪೂರ್ತಿ ಸಾಲವನ್ನ ತೋರಿಸಲ್ಲ. 5 ದಿನದಲ್ಲಿ ಕಾಣೋದು ಒಟ್ಟು ಬೇಡಿಕೆಯ ಸುಮಾರು ಶೇ 68 ಅಂತ ಇಂಜಿನಿಯರ್‌ಗಳು ಇಟ್ಕೊಳ್ತಾರೆ. ಹಾಗಾಗಿ 20.7ನ್ನ 0.68ರಿಂದ ಭಾಗಿಸಬೇಕು. ಬಂದದ್ದು ಸುಮಾರು 30.5 ಕೆಜಿ.

ಈಗ ಕಳೆಯೋ ಬಾಬ್ತು. ಕಾಮರ್ಸ್ ಓದಿದವರಿಗೆ ಕ್ಲೋಸಿಂಗ್ ಸ್ಟಾಕ್ ಗೊತ್ತು. ವರ್ಷದಲ್ಲಿ ಕೊಂಡ ಮಾಲೆಲ್ಲಾ ಖರ್ಚಾಗಿರಲ್ಲ, ಗೋಡೌನಲ್ಲಿ ಉಳಿದದ್ದನ್ನ ಖರ್ಚಿನಿಂದ ಕಳೀತೀವಿ. ಇಲ್ಲೂ ಅದೇ. ಸೂಕ್ಷ್ಮಜೀವಿಗಳು ತಿಂದಿದ್ದನ್ನೆಲ್ಲಾ ಉರಿಸಿಬಿಡಲ್ಲ. ಒಂದು ಪಾಲು ತಮ್ಮ ಮೈ ಬೆಳೆಸೋಕೆ, ಮರಿ ಹಾಕೋಕೆ ಬಳಸ್ತವೆ. ಆ ಹೆಚ್ಚಾದ ಮೈಯನ್ನೇ ನಾವು ಆಮೇಲೆ ಕೆಸರು ಅಂತ ಹೊರಗೆ ತೆಗೆಯೋದು. ಉರಿಯದ ಆ ಪಾಲಿಗೆ ಆಮ್ಲಜನಕ ಬೇಕಾಗಲ್ಲ.

ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾದ, ಹೆಚ್ಚು ಹೊತ್ತು ಗಾಳಿ ಊದೋ ಪದ್ಧತಿಯಲ್ಲಿ ಒಂದು ಕೆಜಿ ಬಿಒಡಿಗೆ ಸುಮಾರು 0.3 ಕೆಜಿ ಹೊಸ ಜೀವಿರಾಶಿ ಅಂತ ಇಟ್ಕೊಳ್ಳೋಣ. 20.7 × 0.3 = 6.2 ಕೆಜಿ. ಒಂದು ಕೆಜಿ ಜೀವಿರಾಶಿಯನ್ನ ಪೂರ್ತಿ ಉರಿಸೋಕೆ 1.42 ಕೆಜಿ ಆಮ್ಲಜನಕ ಬೇಕಾಗ್ತಿತ್ತು. ಅದು ನಮಗೆ ಉಳಿತಾಯ: 6.2 × 1.42 = 8.8 ಕೆಜಿ.

30.5 − 8.8 = 21.7 ಕೆಜಿ. ಇದು ದಿನಕ್ಕೆ ಕೊಳಕು ತಿನ್ನೋಕೆ ಬೇಕಾದ ಆಮ್ಲಜನಕ.

ಗಮನಿಸಿ, ಈ ಕ್ಲೋಸಿಂಗ್ ಸ್ಟಾಕ್ ಕಳೆಯೋ ಹಕ್ಕು ನಿಮಗೆ ಸಿಗೋದು ಕೆಸರನ್ನ ನಿಜವಾಗಿ ಹೊರಗೆ ತೆಗೆದರೆ ಮಾತ್ರ. ಕೆಸರು ತೆಗೆಯೋದನ್ನ ತಿಂಗಳುಗಟ್ಟಲೆ ಮುಂದೂಡಿದರೆ ಆ ಜೀವಿಗಳು ಒಳಗೇ ಸತ್ತು ಕೊಳೀತವೆ, ಅದಕ್ಕೂ ಆಮ್ಲಜನಕ ಕೊಡಬೇಕಾಗುತ್ತೆ.

ಹೆಜ್ಜೆ 3: ಎಲ್ಲರೂ ಮರೆಯೋ ಬಾಬ್ತು, ಅಮೋನಿಯಾ

ಮೂತ್ರದಲ್ಲಿರೋ ಯೂರಿಯಾ ಕೊಳಚೆಯಲ್ಲಿ ಅಮೋನಿಯಾ ಆಗುತ್ತೆ. ಟಾಯ್ಲೆಟ್‌ನಲ್ಲಿ ಮೂಗಿಗೆ ಚುರುಕ್ ಅನ್ನೋದು ಅದೇ. ಇದನ್ನ ನೈಟ್ರೇಟ್ ಮಾಡೋಕೆ ಬೇರೆ ಜಾತಿಯ ಸೂಕ್ಷ್ಮಜೀವಿಗಳಿವೆ. ಅವು ತುಂಬಾ ನಿಧಾನ, ತುಂಬಾ ಸೂಕ್ಷ್ಮ, ಆಮ್ಲಜನಕದ ವಿಷಯದಲ್ಲಂತೂ ಭಾರೀ ಖರ್ಚಿನವು. ಒಂದು ಗ್ರಾಂ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ ಬೇಕು.

ಅದೇ ಕೈಪಿಡಿಯ ಪ್ರಕಾರ ಒಬ್ಬರಿಂದ ದಿನಕ್ಕೆ 5.4 ಗ್ರಾಂ ಸಾರಜನಕ. 800 ಜನಕ್ಕೆ 4.3 ಕೆಜಿ. ಇದರಲ್ಲಿ ಹೊಸ ಜೀವಿರಾಶಿಯ ಮೈಗೆ ಸುಮಾರು 0.75 ಕೆಜಿ ಸೇರುತ್ತೆ, ಅಲ್ಪಸ್ವಲ್ಪ ಹೊರಹೋಗೋ ನೀರಲ್ಲಿ ಉಳಿಯುತ್ತೆ. ಮಿಕ್ಕಿದ್ದು 3.5 ಕೆಜಿ.

3.5 × 4.57 = 16 ಕೆಜಿ.

ಒಟ್ಟು: 21.7 + 16 = 37.7 ಕೆಜಿ ಆಮ್ಲಜನಕ, ಒಂದು ದಿನಕ್ಕೆ. ಗಂಟೆಗೆ ಸರಾಸರಿ 1.57 ಕೆಜಿ.

ಅಮೋನಿಯಾವನ್ನ ಲೆಕ್ಕದಿಂದ ಬಿಟ್ಟಿದ್ದರೆ ಬೇಡಿಕೆ ಹೆಚ್ಚೂಕಡಿಮೆ ಅರ್ಧದಷ್ಟು ಕಡಿಮೆ ಕಾಣ್ತಿತ್ತು. ಬಿಒಡಿ ರಿಪೋರ್ಟ್ ಚೆನ್ನಾಗಿದ್ದೂ ಫ್ಲಶ್ ನೀರು ಮೂತ್ರದ ವಾಸನೆ ಬರ್ತಿದ್ರೆ ಈ ಬಾಬ್ತಿನ ಮೇಲೇ ಮೊದಲು ಅನುಮಾನ ಪಡಬೇಕು.

ಹೆಜ್ಜೆ 4: ಕಾಗದದ ಮೇಲಿನ ಆಮ್ಲಜನಕ, ತೊಟ್ಟಿಯೊಳಗಿನ ಆಮ್ಲಜನಕ

ಡಿಫ್ಯೂಸರ್ ಕಂಪನಿಯವರು ಬ್ರೋಷರ್‌ನಲ್ಲಿ ಕೊಡೋ ಅಂಕಿ ಶುದ್ಧ ನೀರಿಗೆ, 20 ಡಿಗ್ರಿಗೆ, ಸಮುದ್ರಮಟ್ಟಕ್ಕೆ, ಒಂಚೂರೂ ಆಮ್ಲಜನಕ ಇಲ್ಲದ ನೀರಿಗೆ. ನಮ್ಮ ತೊಟ್ಟಿ ಇದ್ಯಾವುದೂ ಅಲ್ಲ. ಬೈಕ್ ಮೈಲೇಜ್ ಥರ. ಶೋರೂಮಲ್ಲಿ ಹೇಳಿದ ಮೈಲೇಜ್ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬರಲ್ಲ. ಹಾಗಾಗಿ ನಾಲ್ಕು ಕಡೆ ತಿದ್ದುಪಡಿ ಮಾಡಬೇಕು.

ಒಂದು, ಉಷ್ಣಾಂಶ ಮತ್ತು ಎತ್ತರ. ಸಮುದ್ರಮಟ್ಟದಲ್ಲಿ 20 ಡಿಗ್ರಿ ನೀರು ಲೀಟರಿಗೆ 9.09 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತೆ. 25 ಡಿಗ್ರಿಗೆ ಅದು 8.26ಕ್ಕೆ ಇಳಿಯುತ್ತೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಡಿಮೆ. 8.26 × 0.9 = 7.4. ಮಂಗಳೂರಲ್ಲಿ ಇರೋರಿಗೆ ಈ ಎತ್ತರದ ನಷ್ಟ ಇಲ್ಲ, ಆದರೆ ಅಲ್ಲಿ ನೀರು ಇನ್ನೂ ಬಿಸಿ.

ಎರಡು, ಕೊಳಚೆಯಲ್ಲಿ ಉಪ್ಪು, ಸೋಪು ಇರೋದರಿಂದ ಇನ್ನೊಂದು ಶೇ 5 ಕಡಿಮೆ ಹಿಡಿಯುತ್ತೆ. 7.4 × 0.95 = 7.

ಮೂರು, ತೊಟ್ಟಿಯಲ್ಲಿ ಯಾವಾಗಲೂ ಲೀಟರಿಗೆ 2 ಮಿಲಿಗ್ರಾಂ ಕರಗಿದ ಆಮ್ಲಜನಕ ಉಳಿದಿರಬೇಕು ಅಂತ ಇಟ್ಕೊಳ್ತಾರೆ. ಇದಕ್ಕೆ ಡಿಒ ಅಂತಾರೆ. ಆಗ ಹೊಸದಾಗಿ ಕರಗೋಕೆ ಇರೋ ಜಾಗ 7 − 2 = 5. ಇದನ್ನ 9.09ಕ್ಕೆ ಹೋಲಿಸಿದರೆ 0.55. ನೀರು ಬೆಚ್ಚಗಿದ್ದಾಗ ಕರಗೋ ವೇಗ ಸ್ವಲ್ಪ ಜಾಸ್ತಿ. ಡಿಗ್ರಿಗೆ ಶೇ 2.4ರಂತೆ 5 ಡಿಗ್ರಿಗೆ 1.126 ಪಟ್ಟು. ಅಷ್ಟು ಲಾಭ ನಮ್ಮ ಕಡೆ.

ನಾಲ್ಕು, ಸೋಪು ಮತ್ತು ಡಿಟರ್ಜೆಂಟ್ ಗುಳ್ಳೆಯ ಮೈಮೇಲೆ ಪದರ ಕಟ್ಟಿ ಆಮ್ಲಜನಕ ನೀರಿಗೆ ಇಳಿಯೋದನ್ನ ತಡೀತವೆ. ಇದಕ್ಕೆ ಆಲ್ಫಾ ಅಂತ ಗುಣಕ. ಸಣ್ಣ ಗುಳ್ಳೆಗೆ 0.4ರಿಂದ 0.8ರ ನಡುವೆ ಇರುತ್ತೆ. ನಾವು 0.6 ಇಟ್ಕೊಳ್ಳೋಣ.

ಎಲ್ಲಾ ಗುಣಿಸಿ: 0.55 × 1.126 × 0.6 = 0.37.

ತೊಟ್ಟಿ ಆಳ ಇದ್ದರೆ ತಳದ ಒತ್ತಡದಿಂದ ಸ್ವಲ್ಪ ಹೆಚ್ಚು ಕರಗುತ್ತೆ. ಆ ಲಾಭವನ್ನ ಇಲ್ಲಿ ಹಿಡಿದಿಲ್ಲ, ಕೈಯಲ್ಲಿ ಮೀಸಲು ಇರಲಿ ಅಂತ.

ಅಂದರೆ ಬ್ರೋಷರ್‌ನಲ್ಲಿ 100 ಕೆಜಿ ಅಂತ ಬರೆದಿದ್ರೆ ನಮ್ಮ ತೊಟ್ಟಿಗೆ ಸಿಗೋದು 37 ಕೆಜಿ. ನಮಗೆ ಬೇಕಾದ 37.7 ಕೆಜಿಗೆ ಬ್ರೋಷರ್ ಲೆಕ್ಕದಲ್ಲಿ 37.7 ÷ 0.37 = 102 ಕೆಜಿ ಸಾಮರ್ಥ್ಯ ಬೇಕು.

ಹೆಜ್ಜೆ 5: ಆಮ್ಲಜನಕದಿಂದ ಗಾಳಿಗೆ, ಗಾಳಿಯಿಂದ ಎಚ್‌ಪಿಗೆ

ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 0.28 ಕೆಜಿ ಆಮ್ಲಜನಕ ಇರುತ್ತೆ. ಸಣ್ಣ ಗುಳ್ಳೆಯ ಡಿಫ್ಯೂಸರ್ ಶುದ್ಧ ನೀರಲ್ಲಿ ಆಳದ ಪ್ರತಿ ಮೀಟರ್‌ಗೆ ಶೇ 6ರಷ್ಟು ಆಮ್ಲಜನಕ ಕರಗಿಸುತ್ತೆ ಅನ್ನೋದು ಸಾಮಾನ್ಯ ಲೆಕ್ಕ. 3.5 ಮೀಟರ್ ಆಳಕ್ಕೆ ಶೇ 21, ನಾವು 20 ಅಂತ ಹಿಡಿಯೋಣ.

102 ÷ (0.28 × 0.20) = ದಿನಕ್ಕೆ ಸುಮಾರು 1,820 ಘನ ಮೀಟರ್ ಗಾಳಿ. ಗಂಟೆಗೆ 76.

ಇದು ಸರಾಸರಿ. ಬೆಳಗ್ಗೆ 6ರಿಂದ 10ರ ತನಕ ಇಡೀ ಅಪಾರ್ಟ್‌ಮೆಂಟ್ ಒಟ್ಟಿಗೆ ಸ್ನಾನ, ತಿಂಡಿ, ಪಾತ್ರೆ. ಆ ಹೊತ್ತಿಗೆ ಎರಡು ಪಟ್ಟು ಇಟ್ಕೊಂಡರೆ ಗಂಟೆಗೆ 152. ಬೆಂಗಳೂರಿನ ತೆಳು ಗಾಳಿಗೆ ಸುಮಾರು ಹತ್ತನೇ ಒಂದು ಪಾಲು ಹೆಚ್ಚು ಸೇರಿಸಿದರೆ ಗಂಟೆಗೆ 170 ಘನ ಮೀಟರ್. ಇದನ್ನ 3.5 ಮೀಟರ್ ನೀರಿನ ತಳಕ್ಕೆ ತಳ್ಳೋಕೆ ಸುಮಾರು 3.5 ಕಿಲೋವ್ಯಾಟ್ ಬೇಕು. ಅಂದರೆ ಒಂದು 5 ಎಚ್‌ಪಿ ಮೋಟರ್. ಇದು ಏರೇಶನ್ ತೊಟ್ಟಿಗೆ ಮಾತ್ರ. ಮೊದಲ ಸಂಗ್ರಹ ತೊಟ್ಟಿಯನ್ನ ಕಲಕೋಕೂ ಇದೇ ಬ್ಲೋವರ್ ಬಳಸಿದ್ರೆ ಆ ಗಾಳಿ ಬೇರೆ ಸೇರಿಸಬೇಕು.

ಇಲ್ಲಿ ನನಗೆ ಅಚ್ಚರಿ ಆದ ಅಂಕಿ ಹೇಳ್ತೀನಿ. ದಿನಕ್ಕೆ ಊದೋ 1,820 ಘನ ಮೀಟರ್ ಗಾಳಿಯಲ್ಲಿ ಒಟ್ಟು ಆಮ್ಲಜನಕ ಸುಮಾರು 510 ಕೆಜಿ. ಬಳಕೆ ಆಗೋದು 37.7 ಕೆಜಿ. ಅಂದರೆ 100ಕ್ಕೆ 7 ಪಾಲು! ಮಿಕ್ಕ 93 ಗುಳ್ಳೆಯಾಗಿ ಮೇಲೆ ಬಂದು ಹಾರಿಹೋಗುತ್ತೆ. ಎಸ್‌ಟಿಪಿಯ ಕರೆಂಟ್ ಬಿಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯವಾಗಿ ಗಾಳಿ ಊದೋದಕ್ಕೇ ಹೋಗೋದು ಇದಕ್ಕೇ.

ಡಿಫ್ಯೂಸರ್ ರಬ್ಬರ್ ಹಳೆಯದಾಗಿ ತೂತು ಕಟ್ಟಿದ್ರೆ ಅಥವಾ ಹರಿದಿದ್ರೆ ಶೇ 20 ಇದ್ದದ್ದು 12ಕ್ಕೆ ಇಳೀಬಹುದು. ಆಗ ಅದೇ ಕೆಲಸಕ್ಕೆ 1,820ರ ಬದಲು 3,000ಕ್ಕೂ ಹೆಚ್ಚು ಘನ ಮೀಟರ್ ಗಾಳಿ ಬೇಕು. ಹಾಗಾಗಿ "ಬ್ಲೋವರ್ ಸಾಲ್ತಿಲ್ಲ, ದೊಡ್ಡದು ಹಾಕ್ಸಿ" ಅಂತ ಕೊಟೇಶನ್ ಬಂದಾಗ, ಡಿಫ್ಯೂಸರ್ ಬದಲಾಯಿಸಿ ಎಷ್ಟು ವರ್ಷ ಆಯ್ತು ಅಂತ ಮೊದಲು ಕೇಳಿ.

ಈಗ ರಾತ್ರಿಯ ಪ್ರಶ್ನೆ

ಕೇಳುಗರ ಪ್ರಶ್ನೆಗೆ ಬರೋಣ. 8 ಗಂಟೆ ಆಫ್ ಮಾಡಿದ್ರೆ ಏನು?

ಕಾಮರ್ಸ್ ಭಾಷೇಲಿ ಕೇಳ್ತೀನಿ: ತೊಟ್ಟಿಯ ಹತ್ತಿರ ಕೈಯಲ್ಲಿ ನಗದು ಎಷ್ಟಿದೆ? ಈ ಪ್ಲಾಂಟ್‌ಗೆ ಏರೇಶನ್ ತೊಟ್ಟಿ ಸುಮಾರು 72 ಘನ ಮೀಟರ್, ಅಂದರೆ 72,000 ಲೀಟರ್ ಅಂತ ಇಟ್ಕೊಳ್ಳಿ. ಲೀಟರಿಗೆ 2 ಮಿಲಿಗ್ರಾಂ ಆಮ್ಲಜನಕ ಇದ್ರೆ ಒಟ್ಟು ಸ್ಟಾಕ್ 144 ಗ್ರಾಂ. ಖರ್ಚು ಗಂಟೆಗೆ 1,570 ಗ್ರಾಂ.

144 ÷ 1,570 = 0.09 ಗಂಟೆ. ಅಂದರೆ ಐದೂವರೆ ನಿಮಿಷ.

ರಾತ್ರಿ ಕೊಳಚೆ ಕಡಿಮೆ ಬರುತ್ತೆ, ಖರ್ಚು ಅರ್ಧ ಅಂತಲೇ ಇಟ್ಕೊಳ್ಳಿ. ಹನ್ನೊಂದು ನಿಮಿಷ. ನೀವು ರಾತ್ರಿ 10ಕ್ಕೆ ಸ್ವಿಚ್ ಆಫ್ ಮಾಡಿ ಲಿಫ್ಟ್‌ನಲ್ಲಿ ಮನೆಗೆ ಹೋಗಿ ಹಲ್ಲುಜ್ಜಿ ಮಲಗೋ ಹೊತ್ತಿಗೆ ತೊಟ್ಟಿಯಲ್ಲಿ ಉಸಿರು ಮುಗಿದಿರುತ್ತೆ. ಇನ್ನೂ ಏಳೂಮುಕ್ಕಾಲು ಗಂಟೆ ಬಾಕಿ.

ಅವು ತಕ್ಷಣ ಸಾಯಲ್ಲ. ನೀರಲ್ಲಿ ನೈಟ್ರೇಟ್ ಇದ್ದರೆ ಕೆಲವು ಜಾತಿಗಳು ಅದರಲ್ಲಿರೋ ಆಮ್ಲಜನಕವನ್ನೇ ಬಳಸ್ಕೊಂಡು ಸ್ವಲ್ಪ ಹೊತ್ತು ಬದುಕ್ತವೆ. ಕೆಲವು ಪ್ಲಾಂಟ್‌ಗಳಲ್ಲಿ ಇದನ್ನೇ ಉದ್ದೇಶಪೂರ್ವಕವಾಗಿ ಮಾಡ್ತಾರೆ. ಮಿಕ್ಸರ್ ಹಾಕಿ ಕಲಕ್ತಾ, ಸ್ವಲ್ಪ ಹೊತ್ತು ಗಾಳಿ ನಿಲ್ಲಿಸಿ ಮತ್ತೆ ಶುರು ಮಾಡ್ತಾರೆ. ಅದು ಲೆಕ್ಕ ಹಾಕಿ ಮಾಡೋ ಕೆಲಸ. ಕಲಕೋದೂ ಇಲ್ಲದೆ 8 ಗಂಟೆ ಪೂರ್ತಿ ಬಂದ್ ಮಾಡೋದು ಬೇರೆ. ಕೆಸರು ತಳಕ್ಕೆ ಕೂರುತ್ತೆ, ಕಪ್ಪಗಾಗುತ್ತೆ, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತೆ. ಬೆಳಗ್ಗೆ 6ಕ್ಕೆ ಆನ್ ಮಾಡಿದ ಕೂಡಲೇ ಆ ಅನಿಲ ಮೇಲೇಳುತ್ತೆ, ಸರಿಯಾಗಿ ಬೆಳಗಿನ ಕೊಳಚೆಯ ಪ್ರವಾಹ ಬರೋ ಹೊತ್ತಿಗೆ. ಅಮೋನಿಯಾ ತಿನ್ನೋ ಸೂಕ್ಷ್ಮ ಜೀವಿಗಳು ಮೊದಲು ಸೋಲ್ತವೆ. ಅವು ಮತ್ತೆ ಬೆಳೆಯೋಕೆ ದಿನಗಳೇ ಬೇಕು.

ಈಗ ದುಡ್ಡು. 3.5 ಕಿಲೋವ್ಯಾಟ್ ಬ್ಲೋವರ್ 24 ಗಂಟೆ ಪೂರ್ತಿ ವೇಗದಲ್ಲಿ ಓಡಿದ್ರೆ 84 ಯೂನಿಟ್. ಲೆಕ್ಕಕ್ಕೆ ಯೂನಿಟ್‌ಗೆ 8 ರೂಪಾಯಿ ಇಟ್ಕೊಳ್ಳೋಣ, ನಿಮ್ಮ ಬಿಲ್‌ನ ದರ ಹಾಕ್ಕೊಂಡು ತಿದ್ದಿಕೊಳ್ಳಿ. ತಿಂಗಳಿಗೆ ಸುಮಾರು 20,000 ರೂಪಾಯಿ. 200 ಮನೆಗೆ ಹಂಚಿದರೆ ಮನೆಗೆ 100.

ರಾತ್ರಿ 8 ಗಂಟೆ ಆಫ್ ಮಾಡಿದ್ರೆ ಅದರ ಮೂರನೇ ಒಂದು ಭಾಗ ಉಳಿಯುತ್ತೆ. ಮನೆಗೆ ತಿಂಗಳಿಗೆ 33 ರೂಪಾಯಿ.

ಮೂವತ್ತಮೂರು ರೂಪಾಯಿ! ಅದಕ್ಕೆ ಇಡೀ ತೊಟ್ಟಿಯ ಉಸಿರು ಕಟ್ಟಿಸೋದಾ?

ಹಾಗಂತ ಉಳಿತಾಯವೇ ಬೇಡ ಅಂತ ನಾನು ಹೇಳ್ತಿಲ್ಲ. ಮೇಲಿನ ಲೆಕ್ಕ ಮತ್ತೊಮ್ಮೆ ನೋಡಿ. ಸರಾಸರಿ ಬೇಕಾದ ಗಾಳಿ 76, ಬ್ಲೋವರ್ ಕೊಡೋದು 152. ಅಂದರೆ ದಿನಪೂರ್ತಿ ಪೂರ್ತಿ ವೇಗದಲ್ಲಿ ಓಡಿಸೋ ಅಗತ್ಯವೇ ಇಲ್ಲ. ಮೋಟರ್ ವೇಗ ಹೆಚ್ಚುಕಡಿಮೆ ಮಾಡೋ ವಿಎಫ್‌ಡಿ ಅನ್ನೋ ಸಾಧನ ಹಾಕಿ, ಡಿಒ ಮೀಟರ್ ನೋಡ್ಕೊಂಡು, ಬೆಳಗ್ಗೆ ಸಂಜೆ ಜಾಸ್ತಿ, ರಾತ್ರಿ ಕಡಿಮೆ ಓಡಿಸಿದ್ರೆ ಸರಾಸರಿ ಅರ್ಧ ವೇಗದಲ್ಲಿ ಕೆಲಸ ಆಗುತ್ತೆ. ಈ ಜಾತಿಯ ಬ್ಲೋವರ್‌ಗಳಲ್ಲಿ ವೇಗ ಅರ್ಧ ಆದರೆ ಕರೆಂಟೂ ಹತ್ತಿರ ಹತ್ತಿರ ಅರ್ಧ. ತಿಂಗಳಿಗೆ ಸುಮಾರು 10,000 ರೂಪಾಯಿ ಉಳಿತಾಯ, ಮನೆಗೆ 50. ಆಫ್ ಮಾಡಿ ಉಳಿಸೋದಕ್ಕಿಂತ ಹೆಚ್ಚು! ತೊಟ್ಟಿಯೂ ಜೀವಂತ, ರಾತ್ರಿ ಸದ್ದೂ ಕಡಿಮೆ. ಕೆಸರು ತಳಕ್ಕೆ ಕೂರದಷ್ಟು ಗಾಳಿ ಇರಲೇಬೇಕು, ಮೋಟರ್ ಬಿಸಿ ಆಗದ ಕನಿಷ್ಠ ವೇಗವೂ ಒಂದಿರುತ್ತೆ. ಆ ಎರಡು ಮಿತಿಯನ್ನ ತಯಾರಕರ ಹತ್ತಿರ ಕೇಳಿ ಬರೆಸ್ಕೊಳ್ಳಿ.

ಲೆಕ್ಕಕ್ಕೆ ಸಿಗದ ಬಾಬ್ತು

ಇನ್ನೊಂದು ವಿಷಯ ಇದೆ, ಅದನ್ನ ರೂಪಾಯಿಯಲ್ಲಿ ಬರೆಯೋಕಾಗಲ್ಲ. ಉಸಿರು ಕಟ್ಟಿದ ತೊಟ್ಟಿಯನ್ನ ಕೊನೆಗೆ ಯಾರೋ ಒಬ್ಬರು ಕ್ಲೀನ್ ಮಾಡಬೇಕು. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್ ಹತ್ತಿರದ ಸೋಮಸುಂದರಪಾಳ್ಯದಲ್ಲಿ ಅಪಾರ್ಟ್‌ಮೆಂಟೊಂದರ ಎಸ್‌ಟಿಪಿಯಲ್ಲಿ ಮೂವರು ಸತ್ತರು. ಗಾಳಿ ಇಲ್ಲದೆ ಕೊಳೆಯೋ ಕಡೆ ಹುಟ್ಟೋ ಹೈಡ್ರೋಜನ್ ಸಲ್ಫೈಡ್ ಎಂಥ ಮೋಸದ್ದು ಅಂದರೆ, ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಿಕೆಯನ್ನೇ ಕಸಿದುಕೊಳ್ಳುತ್ತೆ. ವಾಸನೆ ನಿಂತ್ಹೋಯ್ತು ಅಂದರೆ ಅನಿಲ ಹೋಯ್ತು ಅಂತಲ್ಲ. ರಕ್ಷಣಾ ಸಾಧನ ಇಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕ್, ಒಳಚರಂಡಿಗೆ ಇಳಿಸಬಾರದು ಅಂತ 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಹೇಳುತ್ತೆ. "ಅಣ್ಣ, ಸ್ವಲ್ಪ ಇಳಿದು ನೋಡಿಬಿಡಿ" ಅಂತ ನಿಮ್ಮ ಆಪರೇಟರ್‌ಗೆ ಯಾರಾದರೂ ಹೇಳಿದ್ರೆ ನೀವು ಅಡ್ಡ ನಿಲ್ಲಬೇಕು.

ಮೀಟಿಂಗ್‌ಗೆ ಮುಂಚೆ ಕೇಳಬೇಕಾದ್ದು

ಎಪಿಸೋಡ್ ಮುಗಿಸೋ ಮುಂಚೆ ಸ್ಕ್ರೀನ್‌ಶಾಟ್ ತೆಗೆಯೋಕೆ ಅನುಕೂಲ ಆಗಲಿ ಅಂತ ಚಿಕ್ಕದಾಗಿ:

1. ನಿಜವಾಗಿ ಎಷ್ಟು ಜನ ವಾಸ ಇದ್ದಾರೆ? ಅದನ್ನ 27 ಗ್ರಾಂನಿಂದ ಗುಣಿಸಿ. ಅರ್ಧ ಮನೆ ಖಾಲಿ ಇದ್ರೆ ಬೇಡಿಕೆಯೂ ಅರ್ಧ.
2. ಅಮೋನಿಯಾಗೆ ಬೇಕಾದ ಆಮ್ಲಜನಕ ಲೆಕ್ಕದಲ್ಲಿ ಸೇರಿದೆಯಾ?
3. ಆಲ್ಫಾ ಎಷ್ಟು ಹಿಡಿದಿದ್ದೀರಿ? ಶುದ್ಧ ನೀರಿನ ಅಂಕಿಯನ್ನೇ ಕೊಟ್ಟಿದ್ದೀರಾ?
4. ಡಿಫ್ಯೂಸರ್ ಕೊನೆಗೆ ಬದಲಾಯಿಸಿದ್ದು ಯಾವಾಗ? ಒಂದೇ ಕಡೆ ದೊಡ್ಡ ಗುಳ್ಳೆ ಕುದೀತಿದ್ರೆ ಅಲ್ಲಿ ಹರಿದಿದೆ ಅಂತ ಅರ್ಥ.
5. ಡಿಒ ಮೀಟರ್ ಇದೆಯಾ, ದಿನಕ್ಕೆ ಎಷ್ಟು ಸಲ ಬರೆದಿಡ್ತಾರೆ? ಯಾವಾಗಲೂ 0.5ಕ್ಕಿಂತ ಕಡಿಮೆ ಇದ್ರೆ ಉಸಿರು ಸಾಲ್ತಿಲ್ಲ. 4ಕ್ಕಿಂತ ಮೇಲಿದ್ರೆ ದುಡ್ಡು ಗುಳ್ಳೆಯಾಗಿ ಹೋಗ್ತಿದೆ.

ಮೀಟರ್ ಇಲ್ಲದಿದ್ರೆ ಕಣ್ಣಿದೆ. ಆರೋಗ್ಯವಾಗಿರೋ ತೊಟ್ಟಿ ಕಾಫಿ ಡಿಕಾಕ್ಷನ್‌ಗೆ ಚೂರು ಹಾಲು ಹಾಕಿದ ಬಣ್ಣ ಇರುತ್ತೆ, ಮಣ್ಣಿನ ವಾಸನೆ ಬರುತ್ತೆ. ಕಪ್ಪು ಬಣ್ಣ, ಕೊಳೆತ ವಾಸನೆ ಇದ್ರೆ ಲೆಕ್ಕ ತಪ್ಪಿದೆ.

ನಾನು ಇಲ್ಲಿ ಹಿಡಿದಿರೋ 0.3, 0.6, ಶೇ 20 ಇವೆಲ್ಲಾ ಸಾಮಾನ್ಯ ವಿನ್ಯಾಸದ ಅಂಕಿಗಳು. ನಿಮ್ಮ ಪ್ಲಾಂಟ್‌ಗೆ ಬೇರೆ ಇರಬಹುದು, ಅಂತಿಮ ವಿನ್ಯಾಸ ಇಂಜಿನಿಯರ್ ಕೈಲೇ ಆಗಬೇಕು. ಆದರೆ ಅವರು ಕೊಟ್ಟ ಲೆಕ್ಕದ ಹಾಳೆಯಲ್ಲಿ ಈ ಐದು ಹೆಜ್ಜೆ ಇದೆಯಾ ಅಂತ ನೋಡೋಕೆ ಯಾವ ಡಿಗ್ರಿಯೂ ಬೇಡ.

ಈ ವಾರ ನಿಮಗೆ ಒಂದೇ ಕೆಲಸ. ನಿಮ್ಮ ಎಸ್‌ಟಿಪಿ ಹತ್ತಿರ ಹೋಗಿ, ಬಾಗಿಲಲ್ಲೇ ನಿಂತು, ಬ್ಲೋವರ್ ಎಷ್ಟು ಎಚ್‌ಪಿ, ದಿನಕ್ಕೆ ಎಷ್ಟು ಗಂಟೆ ಓಡುತ್ತೆ ಅಂತ ಆಪರೇಟರ್ ಅವರನ್ನ ಕೇಳಿ ಬನ್ನಿ. ಅವರ ಹೆಸರೂ ಕೇಳಿ, ನಿಮ್ಮ ಹೆಸರೂ ಹೇಳಿ. ಅಂಕಿ ನನಗೆ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ, ಆ ತೊಟ್ಟಿಯಿಂದ ಹೊರಗೆ ತೆಗೆದ ಕೆಸರು ಎಲ್ಲಿಗೆ ಹೋಗುತ್ತೆ ಅಂತ ನೋಡೋಣ. ಅಲ್ಲಿವರೆಗೆ ಸಿಂಕ್‌ಗೆ ಎಣ್ಣೆ ಸುರೀಬೇಡಿ. ಸಿಗೋಣ.